ಹಳೆಯ ಔಟ್‌ಬೋರ್ಡ್ ಎಂಜಿನ್: ಬೋರ್ ಮಾಡಿಸಬೇಕೇ, ಹೊಸದನ್ನೇ ಕೊಳ್ಳಬೇಕೇ?

ಪ್ರಶ್ನೆ: ನಮ್ಮದು ಗಂಗೊಳ್ಳಿಯಿಂದ ಹೊರಡುವ ಸಣ್ಣ ಫೈಬರ್ ನಾಡದೋಣಿ. ಬಲೆ ಬಿಟ್ಟು ಎಳೆಯುವ ಕೆಲಸಕ್ಕೆ 2013ರಲ್ಲಿ ಖರೀದಿಸಿದ 9.9 ಅಶ್ವಶಕ್ತಿಯ, ಎರಡು ಸಿಲಿಂಡರಿನ, ಸೀಮೆಎಣ್ಣೆಯಲ್ಲಿ ಓಡುವ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕಚ್ಚಿಸುವ) ಎಂಜಿನ್ ಬಳಸುತ್ತಿದ್ದೇವೆ. ಕಳೆದ ವರ್ಷದಿಂದ ಬೆಳಗಿನ ಹೊತ್ತು ಹಗ್ಗ ಎಳೆದು ಎಳೆದು ಸಾಕಾಗುತ್ತದೆ, ಪೂರ್ತಿ ಆಕ್ಸಿಲರೇಟರ್ ಕೊಟ್ಟರೂ ಮೊದಲಿನ ಓಟವಿಲ್ಲ. ಹಿಂಬದಿಯಿಂದ ಹೊರಬೀಳುವ ನೀರಿನ ಧಾರೆ ಸಣ್ಣದಾಗಿದೆ. ಗೇರ್ ಆಯಿಲ್ ಬಿಚ್ಚಿದರೆ ಹಾಲುಬಣ್ಣದಲ್ಲಿ ಬರುತ್ತದೆ. ಮೆಕ್ಯಾನಿಕ್ ಕಂಪ್ರೆಷನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ನೋಡಿ, ಮೇಲಿನ ಸಿಲಿಂಡರಿನಲ್ಲಿ 65, ಕೆಳಗಿನದರಲ್ಲಿ 100 ಪಿಎಸ್‌ಐ ಇದೆ, ಎರಡೂ ಸಿಲಿಂಡರ್ ಬೋರ್ ಮಾಡಿಸಿ (ಒಳಗೋಡೆಯನ್ನು ಕೊರೆದು ಅಗಲಿಸಿ) ಹೊಸ ಪಿಸ್ಟನ್ ಹಾಕಬೇಕು ಎಂದಿದ್ದಾರೆ. ಅವರು ಹೇಳಿದ ಖರ್ಚು ಹೊಸ ಎಂಜಿನ್ನಿನ ಬೆಲೆಯ ಮೂರನೇ ಒಂದು ಭಾಗದಷ್ಟಾಗುತ್ತದೆ. ಕೆಲವರು ಇದನ್ನು ಮಾರಿ ಪೆಟ್ರೋಲಿನ ಫೋರ್ ಸ್ಟ್ರೋಕ್ ತೆಗೆದುಕೊಳ್ಳಿ ಎನ್ನುತ್ತಾರೆ, ಇನ್ನು ಕೆಲವರು 15 ಅಶ್ವಶಕ್ತಿಯದ್ದನ್ನೇ ಹಾಕಿಸಿ ಎನ್ನುತ್ತಾರೆ. ಏನು ಮಾಡುವುದು ಸರಿ?

ಉತ್ತರ: ನೀವು ಬರೆದಿರುವ ತೊಂದರೆಗಳಲ್ಲಿ ಸ್ಟಾರ್ಟ್ ಆಗದಿರುವುದು, ಓಟ ತಗ್ಗಿರುವುದು ಮತ್ತು ನೀರಿನ ಧಾರೆ ಸಣ್ಣದಾಗಿರುವುದು ಒಂದೇ ಮೂಲದಿಂದ ಹುಟ್ಟಿರುವ ಸಾಧ್ಯತೆ ಹೆಚ್ಚು, ಗೇರ್ ಆಯಿಲ್‌ಗೆ ನೀರು ಸೇರಿರುವುದು ಮಾತ್ರ ಬೇರೆಯದೇ ದೋಷ. ನಿಮ್ಮ ಮೆಕ್ಯಾನಿಕ್ ಹೇಳಿದ ಕೆಲಸ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಮೇಲಿನ ಸಿಲಿಂಡರ್ ಏಕೆ ಸೋತಿತು ಎಂಬುದನ್ನು ಕಂಡುಕೊಳ್ಳದೆ ಬೋರ್ ಮಾಡಿಸಿದರೆ, ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ ಮತ್ತು ಆಗ ದುರಸ್ತಿಯ ಖರ್ಚಿನ ಮೇಲೆ ಹೊಸ ಎಂಜಿನ್ನಿನ ಖರ್ಚೂ ಬೀಳುತ್ತದೆ. ಆದ್ದರಿಂದ ದುರಸ್ತಿಯೋ ಬದಲಾವಣೆಯೋ ಎಂಬ ತೀರ್ಮಾನವನ್ನು ಒಂದು ದಿನದ ಮಟ್ಟಿಗೆ ಮುಂದಕ್ಕೆ ಹಾಕಿ, ಮೊದಲು ಎಂಜಿನ್ನಿನ ಎರಡು ಮೂರು ಕಡೆ ಬಿಚ್ಚಿ ನೋಡಿಸಿ.

ಎರಡು ಸಿಲಿಂಡರಿನ ಔಟ್‌ಬೋರ್ಡ್‌ನಲ್ಲಿ ಸಿಲಿಂಡರುಗಳು ಒಂದರ ಮೇಲೊಂದು ಇರುತ್ತವೆ. ನೀರಿನ ಪಂಪು ಕೆಳಗೆ, ಗೇರ್ ಕೇಸಿನ ನೆತ್ತಿಯಲ್ಲಿದೆ. ಅಲ್ಲಿಂದ ಕೊಳವೆಯಲ್ಲಿ ಏರಿದ ನೀರು ಬ್ಲಾಕಿನೊಳಗಿನ ದಾರಿಗಳನ್ನು ತುಂಬಿಕೊಂಡು ಸಿಲಿಂಡರುಗಳನ್ನು ತಣಿಸುತ್ತದೆ. ಪಂಪು ದುರ್ಬಲವಾದಾಗ ಅಥವಾ ದಾರಿಯಲ್ಲಿ ಉಪ್ಪು ಕಟ್ಟಿದಾಗ ಮೊದಲು ನೀರಿನ ಕೊರತೆ ಕಾಣುವುದು ಮೇಲ್ಭಾಗದಲ್ಲಿ, ಹುಟ್ಟಿದ ಹಬೆಯೂ ನಿಲ್ಲುವುದು ಅಲ್ಲಿಯೇ. ನಿಮ್ಮ ಮೇಲಿನ ಸಿಲಿಂಡರಿನ 65 ಮತ್ತು ಸಣ್ಣದಾದ ನೀರಿನ ಧಾರೆ, ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಎಂಜಿನ್ ಬಹಳ ಕಾಲದಿಂದ ಬೇಕಾದುದಕ್ಕಿಂತ ಬಿಸಿಯಾಗಿ ಓಡುತ್ತಿದೆ ಎಂಬ ಅನುಮಾನ ಬಲವಾಗುತ್ತದೆ.

ಮೊದಲು ಖರ್ಚಿಲ್ಲದ ಪರೀಕ್ಷೆ ಮಾಡಿ. ನೀರು ಹೊರಬೀಳುವ ಆ ಕಿರುತೂತಿಗೆ ತೆಳುವಾದ ತಂತಿಯೊಂದನ್ನು ತೂರಿಸಿ ಆಡಿಸಿ. ಮರಳು, ಉಪ್ಪಿನ ಹರಳು, ದೋಣಿಯನ್ನು ದಡದಲ್ಲಿಟ್ಟ ದಿನಗಳಲ್ಲಿ ಕಣಜ ತಂದು ಮೆತ್ತಿದ ಮಣ್ಣು, ಇವುಗಳಲ್ಲಿ ಯಾವುದಾದರೂ ಅಲ್ಲಿ ಸಿಕ್ಕಿಕೊಂಡಿರಬಹುದು, ಹಾಗಿದ್ದಲ್ಲಿ ಒಳಗೆ ನೀರು ಸರಿಯಾಗಿಯೇ ಹರಿಯುತ್ತಿರುತ್ತದೆ. ತೂತು ಬಿಡಿಸಿದ ಮೇಲೂ ಧಾರೆ ಸಣ್ಣದಾಗಿಯೇ ಇದ್ದರೆ ಪಂಪು ಬಿಚ್ಚಲೇಬೇಕು.

ಗೇರ್ ಕೇಸನ್ನು ಕೆಳಗಿಳಿಸಿದರೆ ಪಂಪು ಕಣ್ಣಿಗೆ ಬೀಳುತ್ತದೆ. ಒಳಗೆ ತಿರುಗಿ ನೀರನ್ನು ಮೇಲಕ್ಕೆ ತಳ್ಳುವ ರಬ್ಬರ್ ಇಂಪೆಲ್ಲರಿನ ಎಸಳುಗಳು ಒಂದೇ ಕಡೆಗೆ ಬಾಗಿ, ಕೈಯಿಂದ ನೆಟ್ಟಗೆ ಮಾಡಿದರೂ ಮತ್ತೆ ಹಾಗೆಯೇ ಮಲಗಿದರೆ ಅದರ ಆಯುಷ್ಯ ಮುಗಿದಿದೆ. ಎಸಳಿನ ತುದಿ ಹರಿದು ಹೋಗಿದ್ದರೆ ಆ ತುಂಡು ಎಲ್ಲಿದೆ ಎಂದು ಹುಡುಕದೆ ಹೊಸ ಇಂಪೆಲ್ಲರ್ ಹಾಕಬೇಡಿ, ಏಕೆಂದರೆ ಅದು ಮೇಲೆ ಹೋಗುವ ನೀರಿನ ಕೊಳವೆಯಲ್ಲೋ ಬ್ಲಾಕಿನ ಬಾಯಲ್ಲೋ ಕುಳಿತಿರುತ್ತದೆ ಮತ್ತು ಹೊಸ ಪಂಪಿನ ನೀರನ್ನೂ ತಡೆಯುತ್ತದೆ. ಇಂಪೆಲ್ಲರ್ ತಿರುಗುವ ಸ್ಟೀಲಿನ ಬಟ್ಟಲು ಮತ್ತು ಅದರ ಕೆಳಗಿನ ತಗಡನ್ನೂ ಬೆರಳಿನಿಂದ ಸವರಿ ನೋಡಿ. ಅಳಿವೆಯ ಮರಳು ಮಿಶ್ರಿತ ನೀರಿನಲ್ಲಿ ದಿನವೂ ಹೋಗಿಬರುವ ದೋಣಿಗಳಲ್ಲಿ ಇವೆರಡರ ಮೇಲೆ ಉಂಗುರದಂತೆ ಗೀರುಗಳು ಬಿದ್ದಿರುತ್ತವೆ. ಗೀರು ಆಳವಾಗಿದ್ದರೆ ಇಂಪೆಲ್ಲರ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ, ಮೂರನ್ನೂ ಒಟ್ಟಿಗೆ ಬದಲಿಸಬೇಕು. ಈ ಭಾಗಕ್ಕೆ ಮಾತ್ರ ಕಂಪನಿಯ ಅಸಲಿ ಬಿಡಿಭಾಗವನ್ನೇ ಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ನಕಲಿ ಇಂಪೆಲ್ಲರಿನಲ್ಲಿ ಉಳಿಯುವ ನಾಲ್ಕು ಕಾಸಿಗೆ ಇಡೀ ಸಿಲಿಂಡರನ್ನು ಒತ್ತೆ ಇಟ್ಟಂತಾಗುತ್ತದೆ.

ಪಂಪು ಸರಿಹೋದ ಮೇಲೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಕಾದ ಮೇಲಷ್ಟೇ ನೀರಿಗೆ ದಾರಿ ಬಿಡುವ ಕವಾಟ. ನಿಮ್ಮ ಮಾದರಿಯಲ್ಲಿ ಅದು ಇದ್ದರೆ ಹೊರತೆಗೆದು, ಪಾತ್ರೆಯ ನೀರಿನಲ್ಲಿ ತೂಗುಹಾಕಿ, ನೀರನ್ನು ಕಾಯಿಸುತ್ತಾ ಬನ್ನಿ. ಸಾಮಾನ್ಯವಾಗಿ 50ರಿಂದ 60 ಡಿಗ್ರಿಯ ನಡುವೆ ಅದು ಬಾಯಿ ತೆರೆಯಬೇಕು. ಉಪ್ಪು ಕಟ್ಟಿ ಮುಚ್ಚಿಕೊಂಡಿದ್ದರೆ ಕೆಲವರು ಅದನ್ನು ಕಿತ್ತೆಸೆದು ಹಾಗೆಯೇ ಓಡಿಸುತ್ತಾರೆ, ಅದು ಸರಿಯಲ್ಲ. ಸೀಮೆಎಣ್ಣೆ ಚೆನ್ನಾಗಿ ಆವಿಯಾಗಿ ಉರಿಯಬೇಕಾದರೆ ಎಂಜಿನ್ನಿಗೆ ಹದವಾದ ಬಿಸಿ ಬೇಕೇ ಬೇಕು. ತೀರಾ ತಣ್ಣಗೆ ಓಡಿದರೆ ಇಂಗಾಲ ಕಟ್ಟುತ್ತದೆ. ಬ್ಲಾಕಿನೊಳಗಿನ ಉಪ್ಪನ್ನು ಕರಗಿಸಲು ಬಿಳಿ ವಿನೆಗರ್ ತುಂಬಿ ಕೆಲವು ಗಂಟೆ ಬಿಟ್ಟು, ಆಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಬಹುದು. ಶೌಚಾಲಯ ತೊಳೆಯುವ ಆಸಿಡ್ ಸುರಿಯುವ ರೂಢಿಯೊಂದು ನಮ್ಮ ಕರಾವಳಿಯ ಕೆಲವು ಕಡೆ ಇದೆ. ಅದು ಉಪ್ಪಿಗಿಂತ ಮೊದಲು ಅಲ್ಯೂಮಿನಿಯಮನ್ನೇ ತಿನ್ನುತ್ತದೆ.

ಈಗ ಆ 65ರ ವಿಚಾರ. ಕಂಪ್ರೆಷನ್ ಅಳೆಯುವಾಗ ಎರಡೂ ಪ್ಲಗ್ ತೆಗೆದಿರಬೇಕು, ಪ್ಲಗ್ ವೈರುಗಳನ್ನು ಬ್ಲಾಕಿಗೆ ಅರ್ಥ್ ಮಾಡಿರಬೇಕು, ಆಕ್ಸಿಲರೇಟರ್ ಪೂರ್ತಿ ತೆರೆದಿರಬೇಕು ಮತ್ತು ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಬೇಕು. ಗೇಜಿನಿಂದ ಗೇಜಿಗೆ ಅಳತೆ ವ್ಯತ್ಯಾಸವಾಗುವುದರಿಂದ ಒಂದೊಂದು ಸಿಲಿಂಡರಿನ ಅಂಕಿಗಿಂತ ಎರಡರ ನಡುವಿನ ಅಂತರವೇ ಮುಖ್ಯ. ಶೇಕಡಾ 10ರಿಂದ 15ರವರೆಗಿನ ಅಂತರವನ್ನು ಸಹಿಸಬಹುದು. ನಿಮ್ಮದು ಶೇಕಡಾ 35, ಆದ್ದರಿಂದ ಇದು ಅಳತೆಯ ತಪ್ಪಿರಲಾರದು.

ಆದರೆ ಕಂಪ್ರೆಷನ್ ಕಡಿಮೆ ಎಂದಾಕ್ಷಣ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಹೋಗಿದೆ ಎಂದೇ ಅರ್ಥವಲ್ಲ. ಬಲೆ ಎಳೆಯುವಾಗ ಎಂಜಿನ್ ಬಹಳ ಹೊತ್ತು ಕಡಿಮೆ ವೇಗದಲ್ಲಿ ಉರಿಯುತ್ತಿರುತ್ತದೆ. ಸೀಮೆಎಣ್ಣೆಯ ಎಂಜಿನ್ ಹೀಗೆ ಓಡಿದಾಗ ಪಿಸ್ಟನ್ನಿನ ತೋಡಿನಲ್ಲಿ ಇಂಗಾಲ ಗಟ್ಟಿಯಾಗಿ ರಿಂಗ್ ಅಲ್ಲಿಯೇ ಅಂಟಿಕೊಳ್ಳುತ್ತದೆ. ಅಂಟಿಕೊಂಡ ರಿಂಗ್ ಸಿಲಿಂಡರಿನ ಗೋಡೆಗೆ ಒತ್ತುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ಹೆಡ್ ಗ್ಯಾಸ್ಕೆಟ್ ಉರಿದು ಹೋಗಿದ್ದರೂ ಇದೇ ಅಂಕಿ ಬರುತ್ತದೆ. ಇದನ್ನು ತಿಳಿಯಲು ಇಡೀ ಎಂಜಿನ್ ಕಳಚಬೇಕಾಗಿಲ್ಲ. ಬ್ಲಾಕಿನ ಬದಿಯಲ್ಲಿರುವ ಎಗ್ಸಾಸ್ಟ್ ಮುಚ್ಚಳವನ್ನು ಬಿಚ್ಚಿದರೆ ಹೊಗೆ ಹೋಗುವ ಕಿಂಡಿಯ ಮೂಲಕ ಪಿಸ್ಟನ್ನಿನ ಮೈ ಮತ್ತು ರಿಂಗ್ ನೇರವಾಗಿ ಕಾಣುತ್ತವೆ. ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ರಿಂಗ್ ಕಿಂಡಿಯ ಎದುರಿಗೆ ಬರುವಂತೆ ಮಾಡಿ, ಮೊಂಡಾದ ಕಡ್ಡಿಯಿಂದ ಅದನ್ನು ಮೆಲ್ಲನೆ ಒತ್ತಿ. ಒಳಗೆ ಹೋಗಿ ಮತ್ತೆ ಪುಟಿದು ಬಂದರೆ ರಿಂಗ್ ಸಡಿಲವಾಗಿದೆ, ಅಲುಗದಿದ್ದರೆ ಅಂಟಿದೆ. ಪಿಸ್ಟನ್ನಿನ ಮೈ ನಯವಾಗಿದ್ದು ರಿಂಗ್ ಮಾತ್ರ ಅಂಟಿದ್ದರೆ ಇಂಗಾಲ ತೆಗೆದು ಹೊಸ ರಿಂಗ್ ಹಾಕಿದರೆ ಸಾಕಾಗುತ್ತದೆ. ಪಿಸ್ಟನ್ನಿನ ಮೇಲೆ ಉದ್ದುದ್ದ ಗೆರೆಗಳು ಬಿದ್ದು, ಅಲ್ಯೂಮಿನಿಯಂ ಮೆತ್ತಿಕೊಂಡಂತೆ ಕಂಡರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ನಿಜ.

ಈ ಮುಚ್ಚಳದ ಬೋಲ್ಟುಗಳ ಬಗ್ಗೆ ಒಂದು ಎಚ್ಚರಿಕೆ ಬೇಕು. ಹತ್ತು ವರ್ಷ ಉಪ್ಪುನೀರು ಕಂಡ ಬ್ಲಾಕಿನಲ್ಲಿ ಸ್ಟೀಲಿನ ಬೋಲ್ಟು ಮತ್ತು ಅಲ್ಯೂಮಿನಿಯಮಿನ ನಡುವೆ ಬಿಳಿ ಪುಡಿ ಕಟ್ಟಿ ಎರಡೂ ಬೆಸೆದುಕೊಂಡಿರುತ್ತವೆ. ಸ್ಪಾನರಿಗೆ ಪೈಪ್ ಸಿಕ್ಕಿಸಿ ಬಲ ಹಾಕಿದರೆ ತಲೆ ಮುರಿಯುವುದು ಖಂಡಿತ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಮನ್ನು ಹದವಾಗಿ ಕಾಯಿಸಿ, ಸ್ವಲ್ಪ ಸಡಿಲಿಸಿ ಮತ್ತೆ ಸ್ವಲ್ಪ ಬಿಗಿಸಿ ಆಡಿಸುತ್ತಾ ತೆಗೆಯಬೇಕು. ತಾಳ್ಮೆಯಿಲ್ಲದ ಮೆಕ್ಯಾನಿಕ್ ಕೈಗೆ ಈ ಕೆಲಸ ಕೊಡಬೇಡಿ.

ಮುಚ್ಚಳ ತೆರೆದಾಗ ರಿಂಗ್ ನೋಡಿ ಮುಗಿಸಬೇಡಿ, ಬ್ಲಾಕನ್ನೂ ನೋಡಿ. ನನ್ನ ದೃಷ್ಟಿಯಲ್ಲಿ ದುರಸ್ತಿಯೋ ಬದಲಾವಣೆಯೋ ಎಂಬುದನ್ನು ನಿರ್ಧರಿಸುವ ಜಾಗ ಇದೇ. ಹೊಗೆಯ ದಾರಿ ಮತ್ತು ನೀರಿನ ದಾರಿಯ ನಡುವೆ ಇರುವ ತೆಳುವಾದ ಗೋಡೆಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಗಟ್ಟಿ ಲೋಹ ತಾಗಿದರೆ ಸರಿ. ಬಿಳಿ ಪುಡಿಯಾಗಿ ಉದುರಿದರೆ, ಅಥವಾ ಗ್ಯಾಸ್ಕೆಟ್ ಕೂರುವ ಅಂಚಿನಲ್ಲಿ ಗುಳಿಗಳು ಬಿದ್ದಿದ್ದರೆ, ಆ ಬ್ಲಾಕಿಗೆ ಇನ್ನು ಒಂದು ರೂಪಾಯಿಯನ್ನೂ ಹಾಕಬೇಡಿ. ಪಿಸ್ಟನ್, ರಿಂಗ್, ಬೇರಿಂಗ್, ಕಾಯಿಲ್ ಎಲ್ಲವೂ ಬದಲಿಸಬಹುದಾದ ವಸ್ತುಗಳು. ಉಪ್ಪು ತಿಂದ ಬ್ಲಾಕಿಗೆ ಮದ್ದಿಲ್ಲ, ಬೋರ್ ಮಾಡಿಸಿದ ಕೆಲವೇ ತಿಂಗಳಲ್ಲಿ ನೀರು ಸಿಲಿಂಡರಿಗೆ ನುಗ್ಗುತ್ತದೆ.

ಬ್ಲಾಕ್ ಗಟ್ಟಿಯಿದ್ದು ಬೋರ್ ಮಾಡಿಸುವುದೆಂದೇ ತೀರ್ಮಾನವಾದರೆ, ಮೇಲಿನ ಸಿಲಿಂಡರ್ ಒಂದೇ ಸೋಲಲು ಇನ್ನೊಂದು ಕಾರಣವೂ ಇರಬಹುದೆಂಬುದನ್ನು ನೆನಪಿಡಿ. ಫ್ಲೈವೀಲಿನ ಕೆಳಗೆ ಕ್ರ್ಯಾಂಕಿನ ಮೇಲ್ತುದಿಯಲ್ಲಿ ಒಂದು ಆಯಿಲ್ ಸೀಲ್ ಇದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣ ಕ್ರ್ಯಾಂಕ್ ಕೇಸಿನ ಮೂಲಕವೇ ಸಿಲಿಂಡರಿಗೆ ಹೋಗುವುದರಿಂದ, ಆ ಸೀಲ್ ಸವೆದಿದ್ದರೆ ಮೇಲಿನ ಸಿಲಿಂಡರಿಗೆ ಮಾತ್ರ ಹೆಚ್ಚುವರಿ ಗಾಳಿ ಸೇರಿ, ಇಂಧನವೂ ಅದರೊಡನೆ ಬರುವ ಎಣ್ಣೆಯೂ ತೆಳುವಾಗಿ, ಪಿಸ್ಟನ್ ಕಾದು ಉಜ್ಜಲಾರಂಭಿಸುತ್ತದೆ. ಕಡಿಮೆ ವೇಗದಲ್ಲಿ ಎಂಜಿನ್ ತಾನಾಗಿಯೇ ಏರುತ್ತಾ ಇಳಿಯುತ್ತಾ ಇದ್ದರೆ ಈ ಸೀಲಿನ ಮೇಲೆ ಅನುಮಾನ ಪಡಬೇಕು. ಬ್ಲಾಕ್ ಬಿಚ್ಚಿದ ಮೇಲೆ ಮೇಲಿನ ಮತ್ತು ಕೆಳಗಿನ ಎರಡೂ ಸೀಲುಗಳನ್ನು ಕೇಳದೆಯೇ ಬದಲಿಸಿಬಿಡಿ.

ಲೇತ್ ಅಂಗಡಿಗೆ ಬ್ಲಾಕ್ ಕೊಡುವ ಮುಂಚೆ ಪಿಸ್ಟನ್ ಕೈಯಲ್ಲಿರಬೇಕು. 0.25 ಮತ್ತು 0.50 ಮಿಲಿಮೀಟರ್ ಹೆಚ್ಚಿನ ಅಳತೆಯ ಪಿಸ್ಟನ್‌ಗಳು ಸಿಗುತ್ತವೆ. ಪೆಟ್ಟಿಗೆಯ ಮೇಲೆ ಬರೆದ ಅಳತೆ ನಂಬದೆ, ಕೈಗೆ ಬಂದ ಪಿಸ್ಟನ್ನನ್ನೇ ಅಳೆದು, ಎಂಜಿನ್ನಿನ ಕೈಪಿಡಿಯಲ್ಲಿ ಹೇಳಿದ ಅಂತರ ಬಿಟ್ಟು ಬೋರ್ ಮಾಡಬೇಕು. ಬೋರ್ ಆದ ಮೇಲೆ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳ ಅಂಚುಗಳು ಅಲಗಿನಷ್ಟು ಹರಿತವಾಗಿರುತ್ತವೆ. ಅವನ್ನು ಉಜ್ಜಿ ಮೊಂಡುಮಾಡದಿದ್ದರೆ ರಿಂಗ್ ಅದಕ್ಕೆ ಸಿಕ್ಕಿ ಮುರಿಯುತ್ತದೆ. ಕಾರು, ಟ್ರ್ಯಾಕ್ಟರ್ ಬ್ಲಾಕುಗಳನ್ನಷ್ಟೇ ಮಾಡುವ ಅಂಗಡಿಗಳಲ್ಲಿ ಇದನ್ನು ಮರೆಯುವುದುಂಟು, ಆದ್ದರಿಂದ ಬಾಯಿಬಿಟ್ಟು ಹೇಳಿ. ಹೊಸ ಪಿಸ್ಟನ್ನಿನ ಮೊದಲ ಹತ್ತು ಗಂಟೆಗಳಲ್ಲಿ 25ಕ್ಕೆ 1ರಂತೆ ಎಣ್ಣೆ ಬೆರೆಸಿ, ಪೂರ್ತಿ ಆಕ್ಸಿಲರೇಟರ್ ಕೊಡದೆ ಓಡಿಸಿ, ಅನಂತರ ಕೈಪಿಡಿಯ ಪ್ರಮಾಣಕ್ಕೆ, ಸಾಮಾನ್ಯವಾಗಿ 50ಕ್ಕೆ 1ಕ್ಕೆ, ಬನ್ನಿ. ಎಣ್ಣೆಯ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂಬ ಗುರುತು ಇರಬೇಕು. ಸ್ಕೂಟರಿಗೆ ಹಾಕುವ 2ಟಿ ಎಣ್ಣೆ ಗಾಳಿಯಿಂದ ತಣಿಯುವ ಎಂಜಿನ್ನಿಗಾಗಿ ಮಾಡಿದ್ದು, ನೀರಿನಿಂದ ತಣಿಯುವ ಔಟ್‌ಬೋರ್ಡ್‌ನಲ್ಲಿ ಅದರಿಂದ ಪ್ಲಗ್ ಮತ್ತು ಪಿಸ್ಟನ್ನಿನ ಮೇಲೆ ಕಿಟ್ಟ ಕಟ್ಟುತ್ತದೆ.

ಬೆಳಗಿನ ಸ್ಟಾರ್ಟಿಂಗ್ ತೊಂದರೆಗೆ ಕಂಪ್ರೆಷನ್ನಿನ ಜೊತೆಗೆ ನಿಮ್ಮ ಅಭ್ಯಾಸವೂ ಕಾರಣವಿರಬಹುದು. ದಡಕ್ಕೆ ಬರುವ ಕೆಲವು ನಿಮಿಷ ಮೊದಲು ಸೀಮೆಎಣ್ಣೆಯಿಂದ ಪೆಟ್ರೋಲಿಗೆ ಬದಲಿಸಿಯೇ ಎಂಜಿನ್ ನಿಲ್ಲಿಸುತ್ತೀರಾ? ಹಾಗೆ ಮಾಡದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆಯೇ ಉಳಿದು ಮರುದಿನ ತಣ್ಣನೆಯ ಎಂಜಿನ್ ಹತ್ತುವುದಿಲ್ಲ.

ಇನ್ನು ಗೇರ್ ಆಯಿಲ್. ಬಲೆಯ ಕೆಲಸ ಮಾಡುವ ದೋಣಿಗಳಲ್ಲಿ ಇದಕ್ಕೆ ನೀರು ಸೇರಲು ಸಾಮಾನ್ಯವಾದ ಕಾರಣ ಬಲೆಯ ನೂಲೇ. ಪ್ರೊಪೆಲ್ಲರ್ ಬಿಚ್ಚಿದರೆ ಅದರ ಹಿಂದೆ ಶಾಫ್ಟಿಗೆ ಸುತ್ತಿ, ಬಿಸಿಗೆ ಕರಗಿ, ಗಟ್ಟಿ ಬಳೆಯಂತಾದ ನೈಲಾನ್ ನೂಲು ಸಿಗುತ್ತದೆ. ಅದು ಸೀಲಿನ ತುಟಿಯನ್ನು ಕತ್ತರಿಸಿ ನೀರನ್ನು ಒಳಗೆ ಬಿಡುತ್ತದೆ. ಸೀಲ್ ಬದಲಿಸುವುದು ದೊಡ್ಡ ಖರ್ಚಲ್ಲ. ಆದರೆ ಸೀಲ್ ಕೂರುವ ಜಾಗದಲ್ಲಿ ಶಾಫ್ಟನ್ನು ಉಗುರಿನಿಂದ ಗೀರಿ ನೋಡಿ, ಉಗುರು ಸಿಕ್ಕಿಕೊಳ್ಳುವಷ್ಟು ತೋಡು ಬಿದ್ದಿದ್ದರೆ ಹೊಸ ಸೀಲೂ ಬಾಳುವುದಿಲ್ಲ, ಶಾಫ್ಟಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಯಿಲ್ ತಿರುಪುಗಳ ಕೆಳಗಿರುವ ಪುಟ್ಟ ವಾಷರುಗಳನ್ನು ಪ್ರತಿ ಬಾರಿಯೂ ಬದಲಿಸಬೇಕು. ಅವನ್ನೇ ವರ್ಷಗಟ್ಟಲೆ ಬಳಸಿ, ಸೀಲ್ ಹೋಗಿದೆ ಎಂದು ಗೇರ್ ಕೇಸ್ ಬಿಚ್ಚಿಸಿದವರಿದ್ದಾರೆ. ತಿರುಪಿನ ತುದಿಯಲ್ಲಿ ಬೂದುಬಣ್ಣದ ನುಣ್ಣನೆಯ ಲೇಪ ಕಂಡರೆ ಹೆದರಬೇಕಾಗಿಲ್ಲ, ಹರಳಿನಂತೆ ಲೋಹದ ಚೂರು ಕಂಡರೆ ಗೇರಿನ ಹಲ್ಲು ಮುರಿದಿರಬಹುದು. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ಒತ್ತಿ, ಮೇಲಿನ ತೂತಿನಲ್ಲಿ ಹೊರಬರುವವರೆಗೆ ತುಂಬಿಸಬೇಕು. ಮೇಲಿನಿಂದ ಸುರಿದರೆ ಗಾಳಿ ಒಳಗೇ ಉಳಿದು ಗೇರ್ ಕೇಸ್ ಅರ್ಧ ಖಾಲಿಯಿರುತ್ತದೆ.

ಇಷ್ಟು ನೋಡಿದ ಮೇಲೆ ನಿಮ್ಮ ಲೆಕ್ಕ ಸ್ಪಷ್ಟವಾಗುತ್ತದೆ. ರಿಂಗ್ ಅಂಟಿದ್ದು, ಬ್ಲಾಕ್ ಗಟ್ಟಿಯಿದ್ದು, ಶಾಫ್ಟ್ ಚೆನ್ನಾಗಿದ್ದರೆ ನಿಸ್ಸಂಕೋಚವಾಗಿ ದುರಸ್ತಿ ಮಾಡಿಸಿ. ಪಂಪು, ಸೀಲು, ರಿಂಗ್, ಗ್ಯಾಸ್ಕೆಟ್ ಸೇರಿದರೂ ನಿಮಗೆ ಹೇಳಿದ ಅಂದಾಜಿಗಿಂತ ಬಹಳ ಕಡಿಮೆಯಾಗುತ್ತದೆ. ಬೋರ್ ಹೋಗಿದ್ದರೆ, ಮೆಕ್ಯಾನಿಕ್ ಹೇಳಿದ ಮೂರನೇ ಒಂದು ಭಾಗದಲ್ಲಿ ಗೇರ್ ಕೇಸ್ ಮತ್ತು ನೀರಿನ ಪಂಪು ಸೇರಿವೆಯೇ ಎಂದು ಕೇಳಿ. ಸೇರಿಲ್ಲವೆಂದಾದರೆ ನಿಜವಾದ ಮೊತ್ತ ಹೊಸದರ ಅರ್ಧದ ಹತ್ತಿರ ಬರುತ್ತದೆ, ಮತ್ತು 2013ರ ಸೀಮೆಎಣ್ಣೆ ಎಂಜಿನ್ನಿಗೆ ಅಷ್ಟು ಹಣ ಹಾಕುವುದನ್ನು ನಾನು ಒಪ್ಪುವುದಿಲ್ಲ. ಇದಕ್ಕೆ ಎಂಜಿನ್ನಿನ ವಯಸ್ಸಿಗಿಂತ ಇಂಧನವೇ ದೊಡ್ಡ ಕಾರಣ. ನಾಡದೋಣಿಗಳಿಗೆ ಸಿಗುವ ರಿಯಾಯಿತಿ ದರದ ಸೀಮೆಎಣ್ಣೆ ಸಮಯಕ್ಕೆ ಬಾರದೆ ನೀವೆಲ್ಲ ಪಡುತ್ತಿರುವ ಪಾಡು ಹೊಸದಾಗಿ ಹೇಳಬೇಕಾದ್ದಲ್ಲ. ಸೀಮೆಎಣ್ಣೆ ಎಂಜಿನ್ ಬಿಟ್ಟು ಬೇರೆ ಇಂಧನಕ್ಕೆ ಬದಲಾಗುವವರಿಗೆ 2023ರ ರಾಜ್ಯ ಬಜೆಟ್‌ನಲ್ಲಿ ಸಹಾಯಧನವನ್ನೂ ಘೋಷಿಸಲಾಗಿತ್ತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಸೀಮೆಎಣ್ಣೆ ಎಂಜಿನ್ನನ್ನೇ ಪೆಟ್ರೋಲಿನಲ್ಲಿ ಓಡಿಸಿದರಾಯಿತಲ್ಲ ಎಂದು ನೀವು ಕೇಳಬಹುದು. ಓಡುತ್ತದೆ, ಆದರೆ ಸೀಮೆಎಣ್ಣೆ ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಎಂಜಿನ್ ಬಡಿಯದಿರಲೆಂದು ಅದರ ಕಂಪ್ರೆಷನ್ನನ್ನೇ ಕಡಿಮೆ ಇಟ್ಟಿರುತ್ತಾರೆ, ಹಾಗಾಗಿ ದುಬಾರಿ ಪೆಟ್ರೋಲ್ ಉರಿಸಿಯೂ ಅದರ ಪೂರ್ತಿ ಫಲ ಸಿಗುವುದಿಲ್ಲ. ಇದರ ತಿರುವುಮುರುವು, ಅಂದರೆ ಹೊಸ ಪೆಟ್ರೋಲ್ ಎಂಜಿನ್ನಿಗೆ ಸೀಮೆಎಣ್ಣೆ ಬೆರೆಸುವುದು, ಎಂಜಿನ್ನನ್ನು ಕೈಯಾರೆ ಕೊಲ್ಲುವ ಕೆಲಸ.

ಬದಲಿಸುವುದಾದರೆ 15 ಅಶ್ವಶಕ್ತಿಯ ಮಾತನ್ನು ಮೊದಲು ಕೈಬಿಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ನಮ್ಮ ರಾಜ್ಯದ ಆದೇಶದಲ್ಲಿ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಅಳವಡಿಸಿದ ದೋಣಿಗಳೂ ಆ ನಿಷೇಧದೊಳಗೆ ಬರುತ್ತವೆ. ಮಳೆಗಾಲದ ನಾಡದೋಣಿ ಮೀನುಗಾರಿಕೆಯೇ ನಿಮ್ಮ ವರ್ಷದ ಮುಖ್ಯ ದುಡಿಮೆಯಾಗಿದ್ದರೆ, 15ರ ಎಂಜಿನ್ ನಿಮ್ಮನ್ನು ಆ ಎರಡು ತಿಂಗಳು ದಡದಲ್ಲಿ ಕೂರಿಸುತ್ತದೆ. ಕೆಲವು ಮಾದರಿಗಳಲ್ಲಿ 9.9 ಮತ್ತು 15ರ ಬ್ಲಾಕ್ ಒಂದೇ ಆಗಿರುವುದರಿಂದ ಕಾರ್ಬುರೇಟರ್ ಬದಲಿಸಿ ಶಕ್ತಿ ಹೆಚ್ಚಿಸಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ, ಅವರ ಮಾತಿಗೂ ಕಿವಿಗೊಡಬೇಡಿ.

ಫೋರ್ ಸ್ಟ್ರೋಕ್ ಎಂಜಿನ್ನಿನ ಲಾಭ ಇರುವುದು ಇಂಧನದಲ್ಲಿ. ಟೂ ಸ್ಟ್ರೋಕಿನಲ್ಲಿ ಹೊಸ ಮಿಶ್ರಣದ ಒಂದು ಪಾಲು ಉರಿಯದೆಯೇ ಹೊಗೆಯ ಕಿಂಡಿಯಿಂದ ಹೊರಹೋಗುತ್ತದೆ, ಕಡಿಮೆ ವೇಗದಲ್ಲಿ ಈ ನಷ್ಟ ಇನ್ನೂ ಹೆಚ್ಚು. ಬಲೆ ಎಳೆಯುತ್ತಾ ಗಂಟೆಗಟ್ಟಲೆ ನಿಧಾನವಾಗಿ ಓಡಿಸುವ ನಿಮ್ಮಂಥವರಿಗೆ ಆದ್ದರಿಂದಲೇ ಫೋರ್ ಸ್ಟ್ರೋಕ್ ಹೆಚ್ಚು ಉಳಿಸುತ್ತದೆ. ಇಂಧನಕ್ಕೆ ಎಣ್ಣೆ ಬೆರೆಸುವ ಖರ್ಚೂ ಇಲ್ಲ. ಆದರೆ ಅದರ ಪಾಲನೆ ಬೇರೆ. ಸಾಮಾನ್ಯವಾಗಿ 100 ಗಂಟೆಗೊಮ್ಮೆ ಎಂಜಿನ್ ಆಯಿಲ್ ಬದಲಿಸಬೇಕು, ವಾಲ್ವ್ ಅಂತರ ನೋಡಿಸಬೇಕು, ಮತ್ತು ದಡದಲ್ಲಿ ಮಲಗಿಸುವಾಗ ಕೈಪಿಡಿಯಲ್ಲಿ ತೋರಿಸಿದ ಬದಿಗೇ ಮಲಗಿಸಬೇಕು, ಇಲ್ಲದಿದ್ದರೆ ಆಯಿಲ್ ಸಿಲಿಂಡರಿಗೆ ಹರಿಯುತ್ತದೆ. ತೂಕವೂ ಟೂ ಸ್ಟ್ರೋಕಿಗಿಂತ ಹೆಚ್ಚು. ದಿನವೂ ಎಂಜಿನ್ ಬಿಚ್ಚಿ ಹೆಗಲ ಮೇಲೆ ಮನೆಗೆ ಹೊರುವವರಿಗೆ ಐದಾರು ಕಿಲೋ ಹೆಚ್ಚೂ ದೊಡ್ಡ ವಿಷಯ, ಹಾಗೆಯೇ ನಿಮ್ಮ ದೋಣಿಯ ಹಿಂಬದಿ ಹಲಗೆ ಅದನ್ನು ತಾಳುತ್ತದೆಯೇ ಎಂಬುದನ್ನೂ ನೋಡಬೇಕು. ಹಳೆಯ ಎಂಜಿನ್ನನ್ನು ಕೈಯಿಂದ ಹಿಂದೆಮುಂದೆ ಅಲ್ಲಾಡಿಸುವಾಗ ಹಲಗೆಯೇ ಅಲುಗಿದರೆ, ಅಥವಾ ಬೋಲ್ಟಿನ ತೂತಿನಿಂದ ಕಂದು ನೀರು ಒಸರಿದರೆ ಫೈಬರಿನ ಒಳಗಿನ ಮರ ಕೊಳೆತಿದೆ. ಅದನ್ನು ಸರಿಪಡಿಸದೆ ಹೊಸ ಎಂಜಿನ್ ಕಚ್ಚಿಸಬೇಡಿ.

ಪೆಟ್ರೋಲಿನ ಬಗ್ಗೆ ಡೀಲರನ್ನು ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಈಗ ಪಂಪುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಲವು ಔಟ್‌ಬೋರ್ಡ್‌ಗಳ ಕೈಪಿಡಿಗಳು ಶೇಕಡಾ 10ರವರೆಗೆ ಮಾತ್ರ ಒಪ್ಪುತ್ತವೆ. ನೀವು ಕೊಳ್ಳುವ ಮಾದರಿ ಇಂದಿನ ಪೆಟ್ರೋಲಿಗೆ ಹೊಂದುತ್ತದೆಯೇ, ಹೊಂದದೆ ಕೆಟ್ಟರೆ ವಾರಂಟಿ ಸಿಗುತ್ತದೆಯೇ ಎಂಬುದು ತಿಳಿದಿರಬೇಕು. ಎಥನಾಲ್ ನೀರನ್ನು ಹೀರುತ್ತದೆ, ಹೀರಿದ್ದು ಹೆಚ್ಚಾದಾಗ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಇಂಧನದ ಕೊಳವೆ ಎಳೆಯುವುದೂ ತಳದಿಂದಲೇ. ಆದ್ದರಿಂದ ನೀರು ಬೇರ್ಪಡಿಸುವ ಫಿಲ್ಟರ್ ಒಂದನ್ನು ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ಹಾಕಿಸಿ, ಮತ್ತು ವಾರಗಟ್ಟಲೆ ಇಟ್ಟ ಪೆಟ್ರೋಲನ್ನು ಕಡಲಿಗೆ ಒಯ್ಯಬೇಡಿ.

ಖರೀದಿಸುವ ಮುಂಚೆ ದೋಣಿಯ ಹಿಂಬದಿ ಹಲಗೆಯ ಎತ್ತರ ಅಳೆಯಿರಿ. ಶಾಫ್ಟ್ ಸಾಮಾನ್ಯವಾಗಿ 15 ಇಂಚು ಮತ್ತು 20 ಇಂಚು ಎಂಬ ಎರಡು ಉದ್ದಗಳಲ್ಲಿ ಬರುತ್ತದೆ. ಪ್ರೊಪೆಲ್ಲರಿನ ಮೇಲಿರುವ ಅಗಲವಾದ ತಟ್ಟೆ ದೋಣಿಯ ತಳದ ಮಟ್ಟದಲ್ಲಿ ಅಥವಾ ಅದಕ್ಕಿಂತ ಒಂದು ಇಂಚಿನಷ್ಟು ಕೆಳಗೆ ಇರಬೇಕು. ಮೇಲಿದ್ದರೆ ಅಳಿವೆಯ ತೆರೆಯಲ್ಲಿ ದೋಣಿ ಏರಿದಾಗ ಪ್ರೊಪೆಲ್ಲರ್ ಗಾಳಿ ಹಿಡಿದು ಸುಮ್ಮನೆ ತಿರುಗುತ್ತದೆ, ಅಲ್ಲಿ ದೋಣಿ ಅಡ್ಡ ತಿರುಗಿದರೆ ಪರಿಣಾಮವೇನೆಂದು ಪಂಚಗಂಗಾವಳಿಯ ಅಳಿವೆ ದಾಟುವ ನಿಮಗೆ ನಾನು ಹೇಳಬೇಕಾಗಿಲ್ಲ. ಪ್ರೊಪೆಲ್ಲರನ್ನೂ ಪೆಟ್ಟಿಗೆಯಲ್ಲಿ ಬಂದದ್ದೇ ಸರಿಯೆಂದು ಒಪ್ಪಬೇಡಿ. ಬಲೆ, ಮಂಜುಗಡ್ಡೆ, ಜನ ಎಲ್ಲ ಸೇರಿದ ಭಾರದಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಎಂಜಿನ್ ಕೈಪಿಡಿ ಹೇಳುವ ಗರಿಷ್ಠ ಆರ್‌ಪಿಎಂ ಮಿತಿಯೊಳಗೆ ತಲುಪುತ್ತದೆಯೇ ಎಂದು ಟ್ಯಾಕೋಮೀಟರ್ ಹಿಡಿದು ನೋಡಿಸಿ. ತಲುಪದಿದ್ದರೆ ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗಬೇಕಾದ ದೂರ) ಕಡಿಮೆಯಿರುವ ಪ್ರೊಪೆಲ್ಲರ್ ಬೇಕು. ಒಂದು ಇಂಚು ಪಿಚ್ ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ಭಾರ ಎಳೆಯಲಾರದೆ ಒದ್ದಾಡುತ್ತಾ ಓಡುವ ಎಂಜಿನ್ ಹೊಸದಾದರೂ ಬೇಗ ಕಾಯುತ್ತದೆ.

ಸಹಾಯಧನ ಪಡೆಯುವ ಯೋಚನೆಯಿದ್ದರೆ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಈ ವರ್ಷ ಯಾವ ಯೋಜನೆ ಜಾರಿಯಲ್ಲಿದೆ, ಯಾವ ಇಂಧನದ ಎಂಜಿನ್ನಿಗೆ ಅನ್ವಯಿಸುತ್ತದೆ ಎಂದು ವಿಚಾರಿಸಿ, ಅನುಮತಿ ಸಿಕ್ಕ ಮೇಲೆಯೇ ಬಿಲ್ ಮಾಡಿಸಿ. ಎಂಜಿನ್ ಬದಲಾದ ಮೇಲೆ ಅದರ ಸಂಖ್ಯೆ ಮತ್ತು ಅಶ್ವಶಕ್ತಿಯನ್ನು ದೋಣಿಯ ನೋಂದಣಿಯಲ್ಲಿ ಸೇರಿಸಲು ಅರ್ಜಿ ಕೊಡಿ. ಸೀಮೆಎಣ್ಣೆಯ ಪರ್ಮಿಟ್ ನಿಮ್ಮ ಹಳೆಯ ಎಂಜಿನ್ನಿನ ಮೇಲೆ ಇದ್ದರೆ ಅದು ಏನಾಗುತ್ತದೆ ಎಂಬುದನ್ನೂ ಅಲ್ಲಿಯೇ ಕೇಳಿ, ಏಕೆಂದರೆ ಹಳೆಯದನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂಬುದು ಆ ಉತ್ತರವನ್ನು ಅವಲಂಬಿಸಿದೆ. ಇಟ್ಟುಕೊಳ್ಳಲು ಅಡ್ಡಿಯಿಲ್ಲದಿದ್ದರೆ, ಮತ್ತು ಬ್ಲಾಕ್ ಒಡೆದಿಲ್ಲದಿದ್ದರೆ, ಗುಜರಿಯ ಬೆಲೆಗೆ ಅದನ್ನು ಕೊಡಬೇಡಿ. ಡ್ರಮ್ಮಿನಲ್ಲಿ ಸಿಹಿನೀರು ತುಂಬಿ, ನೀರು ಎಳೆಯುವ ಜಾಲರಿ ಪೂರ್ತಿ ಮುಳುಗುವಂತೆ ನಿಲ್ಲಿಸಿ, ಹತ್ತು ನಿಮಿಷ ಓಡಿಸಿ, ಕೊನೆಗೆ ಇಂಧನದ ಕೊಳವೆ ಕಳಚಿ ಕಾರ್ಬುರೇಟರ್ ಖಾಲಿಯಾಗುವವರೆಗೆ ಬಿಡಿ. ಪ್ಲಗ್ ತೆಗೆದು ಎರಡೂ ಸಿಲಿಂಡರಿಗೆ ಒಂದೊಂದು ಚಮಚ ಟೂ ಸ್ಟ್ರೋಕ್ ಎಣ್ಣೆ ಬಿಟ್ಟು ಹಗ್ಗವನ್ನು ಎರಡು ಮೂರು ಸಲ ಎಳೆದು, ಹೊಸ ಗೇರ್ ಆಯಿಲ್ ತುಂಬಿ, ನೆಟ್ಟಗೆ ನಿಲ್ಲಿಸಿಡಿ. ಹೊಸ ಎಂಜಿನ್ ಸರ್ವಿಸಿಗೆ ಹೋದ ದಿನಗಳಲ್ಲಿ ನದಿಯೊಳಗಿನ ಮೀನುಗಾರಿಕೆಗೆ ಅದು ಬರುತ್ತದೆ. ಅಳಿವೆಯಾಚೆ ಮಾತ್ರ ಅದನ್ನು ನಂಬಿ ಹೋಗಬೇಡಿ.